ಅಪ್‌ಗ್ರೇಡ್ ಆದ ಮೇಲೆ ಅರ್ಧ ಕರೆ ಬೀಳುತ್ತಿದೆಯಾ? ಹಳೆ ಎಕ್ಸ್‌ಚೇಂಜ್, ಹೊಸ ಸಿಗ್ನಲಿಂಗ್ ನಡುವಿನ ದೋಷ ಹುಡುಕುವ ಬಗೆ

"ಒಂದ್ಸಲ ಹೋಗುತ್ತೆ, ಒಂದ್ಸಲ ಹೋಗಲ್ಲ."

ದೂರು ಇಷ್ಟೇ. ಹಿಂದಿನ ರಾತ್ರಿ ನಮ್ಮ ಟ್ರಾನ್ಸಿಟ್ ಎಕ್ಸ್‌ಚೇಂಜ್‌ಗೆ (ಒಂದು ಎಕ್ಸ್‌ಚೇಂಜ್‌ನಿಂದ ಇನ್ನೊಂದಕ್ಕೆ ಕರೆ ದಾಟಿಸುವ ಮಧ್ಯದ್ದು) ಹೊಸ ಸಾಫ್ಟ್‌ವೇರ್ ಹಾಕಿದ್ದೆವು. ಎರಡು ಗಂಟೆಗೆ ಕೆಲಸ ಮುಗಿದಿತ್ತು. ಟೆಸ್ಟ್ ಕರೆಗಳೆಲ್ಲ ಚೆನ್ನಾಗಿ ಹೋದವು. ಕಾಫಿ ಕುಡಿದು ಮನೆಗೆ ಹೋದೆವು. ಬೆಳಿಗ್ಗೆ ಟ್ರಾಫಿಕ್ ಏರುತ್ತಿದ್ದ ಹಾಗೆ ಫೋನ್ ಬರಲು ಶುರುವಾಯಿತು. ಒಂದು ದಿಕ್ಕಿಗೆ ಹೋಗುವ ಕರೆಗಳಲ್ಲಿ ಮಾತ್ರ, ಹೆಚ್ಚುಕಮ್ಮಿ ಎರಡಕ್ಕೊಂದು ಬೀಳುತ್ತಿತ್ತು. ಆ ಕಡೆಯ ನೆಟ್‌ವರ್ಕ್‌ನವರಿಗೆ ಫೋನ್ ಮಾಡಿದರೆ ಎಂದಿನ ಉತ್ತರ: "ನಮ್ಮ ಕಡೆ ಏನೂ ಬದಲಾಗಿಲ್ಲ ಸರ್."

ಅವರು ಹೇಳಿದ್ದು ನಿಜವೇ ಆಗಿತ್ತು. ನಾವು ಬದಲಾಗಿದ್ದೆವು, ಅವರು ಆಗಿರಲಿಲ್ಲ. ಟೆಲಿಕಾಂನಲ್ಲಿ ಇದು ದಿನನಿತ್ಯದ ಸ್ಥಿತಿ. ಎಲ್ಲ ಎಕ್ಸ್‌ಚೇಂಜ್‌ಗಳೂ ಒಂದೇ ರಾತ್ರಿ ಹೊಸ ಆವೃತ್ತಿಗೆ ಹೋಗುವುದು ಯಾವತ್ತೂ ಆಗುವುದಿಲ್ಲ. ಹಾಗಾಗಿ ಹೊಸಬರು ಹಳಬರ ಜೊತೆ ಮಾತಾಡಲೇಬೇಕು, ಅವರಿಗೆ ಗೊತ್ತಿಲ್ಲದ ಪದವೂ ಮಧ್ಯೆ ಬಂದೇ ಬರುತ್ತದೆ. ಆ ಪದ ಬಂದಾಗ ಕೇಳುವವನು ಏನು ಮಾಡಬೇಕು ಅಂತ ಯಾರೋ ಮೊದಲೇ ಬರೆದಿಟ್ಟಿರುತ್ತಾರೆ. ದೋಷ ಹುಡುಕುವಾಗ ನಾನು ಮೊದಲು ನೋಡುವುದು ಆ ಬರಹವನ್ನೇ. ಹಳೆ ಪೆಟ್ಟಿಗೆಗೆ ಅರ್ಥವಾಗಲಿಲ್ಲ ಅನ್ನುವುದು ತಪ್ಪಲ್ಲ. ಅರ್ಥವಾಗದಿದ್ದರೆ ಕರೆ ಕಡಿ ಅಂತ ಅದಕ್ಕೆ ಹೇಳಿದವರು ಯಾರು? ಅದು ಮುಖ್ಯ.

ಇದು ಆ ಜಾತಿಯ ದೋಷವೇ ಹೌದಾ?

ಐಸಪ್ ಟ್ರಂಕ್‌ನಿಂದ ಶುರು ಮಾಡುತ್ತೇನೆ. ಟ್ರಂಕ್ ಅಂದರೆ ಎರಡು ಎಕ್ಸ್‌ಚೇಂಜ್ ನಡುವಿನ ಸರ್ಕ್ಯೂಟ್‌ಗಳ ಕಟ್ಟು. ಐಸಪ್ ಅಂದರೆ ಕರೆ ಕಟ್ಟಲು, ಕಡಿಯಲು ಎಕ್ಸ್‌ಚೇಂಜ್‌ಗಳು ಆಡುವ ಹಳೆ ಸಿಗ್ನಲಿಂಗ್ ಭಾಷೆ. ಇಂಟರ್ನೆಟ್ ಬಗೆಯ ನೆಟ್‌ವರ್ಕ್‌ನಲ್ಲಿ ಅದೇ ಕೆಲಸ ಮಾಡುವ ಸಿಪ್ ಬಂದು ಇಷ್ಟು ವರ್ಷವಾದರೂ ಈ ವಿಷಯ ಐಸಪ್‌ನಲ್ಲಿ ಅರ್ಥವಾದಷ್ಟು ಚೆನ್ನಾಗಿ ಬೇರೆಲ್ಲೂ ಆಗುವುದಿಲ್ಲ.

ಮೊದಲು, ಬಿದ್ದ ಕರೆಯ ರಿಲೀಸ್ (ಕರೆ ಮುಗಿಸುವ) ಸಂದೇಶ ತೆಗೆದು ಕಾಸ್ (ಕಾರಣದ) ನಂಬರ್ ನೋಡಿ. 34 ಬಂದಿದ್ದರೆ ಸರ್ಕ್ಯೂಟ್ ಖಾಲಿ ಇಲ್ಲ. ಈ ಲೇಖನ ಮುಚ್ಚಿ, ಟ್ರಂಕ್ ಎಣಿಸಿ. 1 ಅಥವಾ 3 ಬಂದಿದ್ದರೆ ನಂಬರ್ ಅನಾಲಿಸಿಸ್ (ಡಯಲ್ ಮಾಡಿದ ನಂಬರ್‌ಗೆ ದಾರಿ ಆರಿಸುವ ಟೇಬಲ್) ನೋಡಿ. 97, 99, 110, 111 ಬಂದಿದ್ದರೆ ಇಲ್ಲೇ ಇರಿ. ಕಾಸ್ ನಂಬರ್‌ಗಳ ಅಂತರರಾಷ್ಟ್ರೀಯ ಪಟ್ಟಿಯಾದ ಕ್ಯೂ.850ರಲ್ಲಿ 97 ಅಂದರೆ "ಇಂಥ ಸಂದೇಶವೇ ನನಗೆ ಗೊತ್ತಿಲ್ಲ". 99 ಅಂದರೆ "ಸಂದೇಶ ಗೊತ್ತು, ಒಳಗಿರುವ ಒಂದು ಪ್ಯಾರಾಮೀಟರ್ (ಮಾಹಿತಿಯ ತುಣುಕು) ಗೊತ್ತಿಲ್ಲ". 110 ಅಂದರೆ "ಗೊತ್ತಿಲ್ಲದ ಪ್ಯಾರಾಮೀಟರ್ ಇತ್ತು, ಅದಕ್ಕೆ ಸಂದೇಶವನ್ನೇ ಎಸೆದೆ". 111 ಸುಮ್ನೆ "ಪ್ರೋಟೋಕಾಲ್ ತಪ್ಪು" ಅಂದು ಕೈ ತೊಳೆದುಕೊಳ್ಳುವ ನಂಬರ್. 127 ಬಂದರೆ ನಿಜವಾದ ಕಾರಣ ಇನ್ನೊಂದು ಸಿಗ್ನಲಿಂಗ್‌ನ ಆಚೆ ಕಡೆ ಅಡಗಿದೆ ಅಂತ ತಿಳಿಯಿರಿ.

ರಿಲೀಸ್ ಜೊತೆಗೆ ಕನ್‌ಫ್ಯೂಷನ್ ಸಂದೇಶಗಳನ್ನೂ ನೋಡಿ. ಹೆಸರೇ ಹಾಗೆ, ತಮಾಷೆಯಲ್ಲ. ಅದರ ಟೈಪ್ ಕೋಡ್ ಹೆಕ್ಸ್ (ಹದಿನಾರರ ಎಣಿಕೆ) 2ಎಫ್. "ನೀನು ಕಳಿಸಿದ್ದರಲ್ಲಿ ಇಂಥದ್ದು ಅರ್ಥವಾಗಲಿಲ್ಲ" ಅಂತ ತಿಳಿಸುವುದಷ್ಟೇ ಅದರ ಕೆಲಸ, ಕರೆ ಕಡಿಯುವುದಿಲ್ಲ. ಅದರೊಳಗಿನ ಕಾಸ್ 103 ಆಗಿದ್ದರೆ "ಅರ್ಥವಾಗಲಿಲ್ಲ, ಆದರೂ ಮುಂದೆ ಕಳಿಸಿದ್ದೇನೆ" ಅಂತ. ಹೊಸಬರು ಕನ್‌ಫ್ಯೂಷನ್ ಕೌಂಟರ್ ಏರಿದ್ದು ಕಂಡರೆ ಗಾಬರಿಯಾಗುತ್ತಾರೆ. ಕರೆ ಬೀಳದೆ ಕೌಂಟರ್ ಮಾತ್ರ ಏರುತ್ತಿದ್ದರೆ ಆತುರ ಬೇಡ. ಹಳಬರು ಗೊಣಗುತ್ತಾರೆ, ಕೆಲಸ ಮಾಡುತ್ತಾರೆ.

ಇನ್ನೊಂದು ಲಕ್ಷಣ ಮೌನ. ಕರೆ ಮಾಡಿದವರಿಗೆ ರಿಂಗೂ ಇಲ್ಲ, ಟೋನೂ ಇಲ್ಲ. 20ರಿಂದ 30 ಸೆಕೆಂಡ್ ಆದ ಮೇಲೆ ಕರೆ ಬೀಳುತ್ತದೆ. ಅದು ಟಿ7 ಟೈಮರ್. ನಾವು ಐಎಎಂ (ಕರೆ ಶುರು ಮಾಡುವ ಮೊದಲ ಸಂದೇಶ) ಕಳಿಸಿ ಎಸಿಎಂಗೆ (ನಂಬರ್ ಪೂರ್ತಿ ಸಿಕ್ಕಿತು ಅನ್ನುವ ಉತ್ತರಕ್ಕೆ) ಕಾಯುತ್ತಾ ಕೂತಿದ್ದೇವೆ, ಆ ಕಡೆ ಐಎಎಂ ಅನ್ನೇ ಎಸೆದಿದ್ದಾರೆ. ನಮ್ಮ ದಾಖಲೆಯಲ್ಲಿ ಟೈಮರ್ ಮುಗಿಯಿತು ಅಂತಷ್ಟೇ ಇರುತ್ತದೆ. ಲಿಂಕ್ ಹಾಳಾಗಿದೆ ಅಂತ ಟ್ರಾನ್ಸ್‌ಮಿಷನ್‌ನವರನ್ನು ಎಬ್ಬಿಸುವ ಮೊದಲು ಆ ಕಡೆಯ ಟ್ರೇಸ್ (ಬಂದುಹೋದ ಸಂದೇಶಗಳ ದಾಖಲೆ) ಕೇಳಿ.

ಮೂರನೆಯದು ಇನ್ನೂ ಕಳ್ಳತನದ್ದು. ಕರೆ ಹೋಗುತ್ತದೆ, ಮಾತೂ ಆಗುತ್ತದೆ, ಆದರೆ ಯಾವುದೋ ಒಂದು ಸೌಲಭ್ಯ ಕೆಲಸ ಮಾಡುವುದಿಲ್ಲ. ಮಧ್ಯದ ಎಕ್ಸ್‌ಚೇಂಜ್ ಪ್ಯಾರಾಮೀಟರನ್ನು ಸದ್ದಿಲ್ಲದೆ ಕಳಚಿ ಹಾಕಿರುತ್ತದೆ. ಇಲ್ಲಿ ಕಾಸ್ ನಂಬರ್ ಏನೂ ಹೇಳುವುದಿಲ್ಲ. ಆ ಎಕ್ಸ್‌ಚೇಂಜ್‌ಗೆ ಒಳ ಹೋದ ಐಎಎಂ, ಹೊರ ಬಂದ ಐಎಎಂ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದೊಂದೇ ದಾರಿ.

ಯಾರು ಕಡಿದದ್ದು?

ರಿಲೀಸ್ ನಮಗೆ ತಲುಪಿಸಿದವರೇ ಕರೆ ಕಡಿದವರು ಅಂದುಕೊಳ್ಳಬೇಡಿ. ಅವರು ಅಂಚೆಯವರಷ್ಟೇ ಇರಬಹುದು. ಕಾಸ್ ಪ್ಯಾರಾಮೀಟರ್‌ನಲ್ಲಿ ನಂಬರ್ ಜೊತೆ ಲೊಕೇಶನ್ ಅಂತ ಒಂದು ಚಿಕ್ಕ ಜಾಗ ಇದೆ. ಬಳಕೆದಾರ, ಸ್ಥಳೀಯ ನೆಟ್‌ವರ್ಕ್, ಟ್ರಾನ್ಸಿಟ್ ನೆಟ್‌ವರ್ಕ್, ಅಂತರರಾಷ್ಟ್ರೀಯ ನೆಟ್‌ವರ್ಕ್, ಇಂಟರ್‌ವರ್ಕಿಂಗ್‌ನ ಆಚೆ, ಹೀಗೆ. ಜನ ಇದನ್ನು ಓದುವುದೇ ಇಲ್ಲ. ಓದಿದರೆ ಅರ್ಧ ದಿನ ಉಳಿಯುತ್ತದೆ.

ಅದಕ್ಕಿಂತ ಒಳ್ಳೆಯದು ಡಯಾಗ್ನಾಸ್ಟಿಕ್ ಬೈಟ್. 97 ಬಂದಾಗ ಅರ್ಥವಾಗದ ಸಂದೇಶದ ಕೋಡ್, 99 ಬಂದಾಗ ಅರ್ಥವಾಗದ ಪ್ಯಾರಾಮೀಟರ್‌ನ ಕೋಡ್ ಅಲ್ಲೇ ಬರೆದಿರುತ್ತದೆ. ನಮ್ಮ ಕೇಸಿನಲ್ಲಿ ಕಾಸ್ 99, ಲೊಕೇಶನ್ ಟ್ರಾನ್ಸಿಟ್ ನೆಟ್‌ವರ್ಕ್, ಡಯಾಗ್ನಾಸ್ಟಿಕ್ 3ಡಿ. 3ಡಿ ಅಂದರೆ ಹಾಪ್ ಕೌಂಟರ್. ಕರೆ ಒಂದೊಂದು ಎಕ್ಸ್‌ಚೇಂಜ್ ದಾಟಿದಾಗಲೂ ಒಂದೊಂದು ಕಡಿಮೆಯಾಗುವ ಲೆಕ್ಕ ಅದು. ರೂಟಿಂಗ್ ತಪ್ಪಾಗಿ ಕರೆ ಗಿರಕಿ ಹೊಡೆಯತೊಡಗಿದರೆ ಲೆಕ್ಕ ಸೊನ್ನೆಗೆ ಬಂದು ಕಾಸ್ 25 ಜೊತೆ ಬೀಳುತ್ತದೆ. ಹಿಂದಿನ ಸಾಫ್ಟ್‌ವೇರ್ ಇದನ್ನು ಕಳಿಸುತ್ತಿರಲಿಲ್ಲ. ಹೊಸದು ಕಳಿಸುತ್ತಿತ್ತು.

"ಹಾಗಾದರೆ ಆ ಕಡೆಯವರು ಹಾಪ್ ಕೌಂಟರ್ ಕಲಿಯಲಿ" ಅಂದುಬಿಡುವುದು ಸುಲಭ. ಆದರೆ ಅರ್ಧ ಕರೆ ಹೋಗುತ್ತಿತ್ತಲ್ಲ, ಅದು ಹೇಗೆ?

ಒಂದು ಬೈಟ್‌ನ ಕತೆ

ಆ ದಿಕ್ಕಿಗೆ ಎರಡು ರೂಟ್ ಇತ್ತು, ಲೋಡ್ ಸಮನಾಗಿ ಹಂಚಿತ್ತು. ಒಂದು ಕೊನೆತನಕ ಐಸಪ್. ಇನ್ನೊಂದು ಒಂದು ಗೇಟ್‌ವೇಗೆ ಹೋಗಿ ಅಲ್ಲಿಂದ ಸಿಪ್ ಆಗುತ್ತಿತ್ತು. ಎರಡೂ ಕಡೆಯ ಪೆಟ್ಟಿಗೆಗಳಿಗೆ ಹಾಪ್ ಕೌಂಟರ್ ಗೊತ್ತಿರಲಿಲ್ಲ. ಆದರೂ ಕರೆ ಬೀಳುತ್ತಿದ್ದದ್ದು ಗೇಟ್‌ವೇ ಕಡೆ ಮಾತ್ರ.

ಐಎಎಂನ ಐಚ್ಛಿಕ ಭಾಗದಲ್ಲಿ ಈ ಸಾಲು ಸಿಕ್ಕಿತು: 39 04 31 ಸಿ0 3ಡಿ 80. ಇದನ್ನು ಬಿಡಿಸಿ ನೋಡಿ. 39 ಅಂದರೆ ಪ್ಯಾರಾಮೀಟರ್ ಕಂಪ್ಯಾಟಿಬಿಲಿಟಿ ಮಾಹಿತಿ. 04 ಅದರ ಉದ್ದ. ಆಮೇಲೆ ಜೋಡಿ ಜೋಡಿ: 31 ಎಂಬ ಪ್ಯಾರಾಮೀಟರ್ ಅರ್ಥವಾಗದಿದ್ದರೆ ಸಿ0 ಹೇಳಿದ ಹಾಗೆ ಮಾಡು, 3ಡಿ ಅರ್ಥವಾಗದಿದ್ದರೆ 80 ಹೇಳಿದ ಹಾಗೆ ಮಾಡು. 31 ಪ್ರೊಪಗೇಶನ್ ಡಿಲೇ ಕೌಂಟರ್, ದಾರಿಯಲ್ಲಾಗುವ ವಿಳಂಬದ ಲೆಕ್ಕ.

ಈ ವ್ಯವಸ್ಥೆ ಬಂದದ್ದು 1993ರ ಮಾರ್ಚ್‌ನಲ್ಲಿ, ಐಸಪ್ ನಿಯಮಗಳ (ಕ್ಯೂ.761ರಿಂದ ಕ್ಯೂ.764ರವರೆಗೆ) ಪರಿಷ್ಕರಣೆಯಲ್ಲಿ. ನಮ್ಮವರು ಐಸಪ್ 92 ಅನ್ನುವುದು ಅದನ್ನೇ. 1988ರ ನೀಲಿ ಪುಸ್ತಕದಲ್ಲಿ (ಆಗಿನ ಅಂತರರಾಷ್ಟ್ರೀಯ ಟೆಲಿಕಾಂ ನಿಯಮಗಳ ಸಂಪುಟ) ಗೊತ್ತಿಲ್ಲದ್ದು ಬಂದರೆ ಏನು ಮಾಡಬೇಕೆಂದು ಸ್ವೀಕರಿಸುವವನ ಕಡೆಯ ನಿಯಮ ಮಾತ್ರ ಇತ್ತು. 92ರಲ್ಲಿ ಕಳಿಸುವವನೇ ಸೂಚನೆ ಅಂಟಿಸಿ ಕಳಿಸುವ ಕ್ರಮ ಬಂತು. ಬಹಳ ಜಾಣ ಉಪಾಯ ಅಂತ ನನ್ನ ಅಭಿಪ್ರಾಯ. ಮುಂದೆ ಯಾವ ಪ್ಯಾರಾಮೀಟರ್ ಹುಟ್ಟುತ್ತದೆ ಅಂತ ಹಳೆ ಪೆಟ್ಟಿಗೆಗೆ ಹೇಗೂ ಗೊತ್ತಾಗುವುದಿಲ್ಲ. ಆದರೆ ಹುಟ್ಟಿದ್ದು ಬಂದಾಗ ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನು ಓದಲು ಬಂದರೆ ಸಾಕು.

ಸೂಚನೆ ಬೈಟ್‌ನ ಎಂಟು ಬಿಟ್‌ಗಳನ್ನು ಬಲಗಡೆಯಿಂದ ಓದಿ. ಮೊದಲನೆಯದು, ಮಧ್ಯದ ಎಕ್ಸ್‌ಚೇಂಜ್ ಇದನ್ನು ತಲೆಗೆ ಹಚ್ಚಿಕೊಳ್ಳಬೇಕೇ ಬೇಡವೇ. ಎರಡನೆಯದು, ಕರೆ ಕಡಿಯಬೇಕೇ. ಮೂರು, ಕನ್‌ಫ್ಯೂಷನ್ ಕಳಿಸಿ ತಿಳಿಸಬೇಕೇ. ನಾಲ್ಕು, ಇಡೀ ಸಂದೇಶ ಎಸೆಯಬೇಕೇ. ಐದು, ಪ್ಯಾರಾಮೀಟರ್ ಮಾತ್ರ ಎಸೆಯಬೇಕೇ. ಆರು ಮತ್ತು ಏಳು ಒಟ್ಟಿಗೆ: ಮುಂದೆ ದಾಟಿಸು ಅಂತ ಹೇಳಿದ್ದರೂ ದಾಟಿಸಲು ಸಾಧ್ಯವೇ ಇಲ್ಲದಿದ್ದರೆ ಏನು ಮಾಡಬೇಕು. ಎಂಟನೆಯದು, ಸೂಚನೆ ಇಲ್ಲಿಗೆ ಮುಗಿಯಿತು ಅನ್ನುವ ಗುರುತು.

ಸಿ0 ಅಂದರೆ 1100 0000. ಎಲ್ಲಕ್ಕೂ "ಬೇಡ", ಸುಮ್ನೆ ಮುಂದೆ ಕಳಿಸು, ಕಳಿಸಲು ಆಗದಿದ್ದರೆ ಪ್ಯಾರಾಮೀಟರ್ ಮಾತ್ರ ಬಿಟ್ಟುಬಿಡು. ಒಳ್ಳೆಯ ಸೂಚನೆ.

80 ಅಂದರೆ 1000 0000. ನೋಡಲು ಇನ್ನೂ ಸಾಧು. ಎಲ್ಲಾ ಸೊನ್ನೆ, ಅಂದರೆ ಏನೂ ಮಾಡಬೇಡ ಅಂತ ಅಲ್ವಾ? ಅಲ್ಲ. ಮೊದಲ ಐದು ಬಿಟ್‌ಗೆ ಸೊನ್ನೆ ಅಂದರೆ "ಏನೂ ಮಾಡಬೇಡ". ಆರು-ಏಳರ ಜೋಡಿಗೆ ಎರಡು ಸೊನ್ನೆ ಅಂದರೆ "ಕರೆ ಕಡಿ". ಅಲ್ಲೇ ಇತ್ತು ಗುಂಡಿ. ಐಸಪ್ ರೂಟ್‌ನ ಎಕ್ಸ್‌ಚೇಂಜ್ ಅರ್ಥವಾಗದ 3ಡಿಯನ್ನು ಹಾಗೇ ಮುಂದೆ ದಾಟಿಸಿತು, ಕರೆ ಹೋಯಿತು. ಗೇಟ್‌ವೇ ಆಚೆ ಇರುವುದು ಸಿಪ್. ತನಗೆ ಗೊತ್ತಿಲ್ಲದ ಐಸಪ್ ಪ್ಯಾರಾಮೀಟರನ್ನು ಅಲ್ಲಿ ಎಲ್ಲಿ ಇಡುವುದು? ದಾಟಿಸಲು ಸಾಧ್ಯವಿಲ್ಲ. ಸೂಚನೆ ಏನು ಹೇಳುತ್ತದೆ? ಕಡಿ. ಕಡಿಯಿತು. ಗೇಟ್‌ವೇ ಚಾಚೂ ತಪ್ಪದೆ ನಾವು ಹೇಳಿದ್ದನ್ನೇ ಮಾಡಿತ್ತು.

ಆ 80 ನಮ್ಮ ಎಕ್ಸ್‌ಚೇಂಜ್‌ನ ಟೇಬಲ್‌ನಲ್ಲಿ ಕೂತಿತ್ತು. ಯಾರೋ ಸೊನ್ನೆ ಸುರಕ್ಷಿತ ಅಂದುಕೊಂಡು ಹಾಕಿರಬೇಕು. ಯಾರು ಅಂತ ನಾವು ಹುಡುಕಲು ಹೋಗಲಿಲ್ಲ.

39ನ್ನೇ ಓದಲು ಬಾರದವರು

ಈ ಉಪಾಯಕ್ಕೊಂದು ಮಿತಿ ಇದೆ. 39ನೇ ಪ್ಯಾರಾಮೀಟರ್ ಕೂಡ 1993ರ ಹೊಸಬನೇ. ಅಪ್ಪಟ ನೀಲಿ ಪುಸ್ತಕದ ಎಕ್ಸ್‌ಚೇಂಜ್‌ಗೆ ಅದೂ ಗೊತ್ತಿಲ್ಲ. ಓದು ಬಾರದವನ ಕೈಗೆ ಚೀಟಿ ಕೊಟ್ಟ ಹಾಗೆ. ಡಯಾಗ್ನಾಸ್ಟಿಕ್‌ನಲ್ಲಿ 39 ಕಂಡರೆ ಅಥವಾ ಕನ್‌ಫ್ಯೂಷನ್‌ನಲ್ಲಿ 39 ಪಟ್ಟಿಯಾಗಿದ್ದರೆ ಎದುರಿಗಿರುವುದು ಅಂಥದ್ದು. ಅಲ್ಲಿ ಬಿಟ್ ತಿದ್ದಿ ಪ್ರಯೋಜನವಿಲ್ಲ. ಆ ರೂಟ್‌ಗೆ ಹಳೆ ಪ್ರೊಫೈಲ್ ಹಾಕಿ, ಹೊಸ ಪ್ಯಾರಾಮೀಟರ್‌ಗಳನ್ನು ನಮ್ಮ ಕಡೆಯೇ ತಡೆಯಬೇಕು.

ಇನ್ನೊಂದು ಕೆಟ್ಟ ಸಂಗತಿ, ಗೊತ್ತಿಲ್ಲದ್ದನ್ನು ಗೊತ್ತು ಅಂದುಕೊಳ್ಳುವುದು. ಐಸಪ್‌ನಲ್ಲಿ ಆಯಾ ದೇಶದ ಬಳಕೆಗೆ ಬಿಟ್ಟ ಕೋಡ್‌ಗಳಿವೆ. ಒಂದು ದೇಶದಲ್ಲಿ ಒಂದು ಅರ್ಥ, ಇನ್ನೊಂದರಲ್ಲಿ ಇನ್ನೊಂದು. ಅಂಥದ್ದು ಗಡಿ ದಾಟಿ ಸೋರಿಹೋದರೆ 99ರ ಸುಳಿವೂ ಇರುವುದಿಲ್ಲ. ಕಂಪ್ಯಾಟಿಬಿಲಿಟಿ ಸೂಚನೆಯೂ ಕೆಲಸಕ್ಕೆ ಬರುವುದಿಲ್ಲ, ಯಾಕೆಂದರೆ ಕೇಳುವವನಿಗೆ ತನಗೆ ಅರ್ಥವಾಗಿದೆ ಅನ್ನುವ ನಂಬಿಕೆ. ಅಂತರರಾಷ್ಟ್ರೀಯ ಗೇಟ್‌ವೇಯಲ್ಲೇ ಇವುಗಳನ್ನು ಕಳಚಬೇಕು.

ಉದ್ದವನ್ನೂ ಒಮ್ಮೆ ನೋಡಿ. ಐಸಪ್ ಓಡಾಡುವ ಎಸ್‌ಎಸ್7 ಸಿಗ್ನಲಿಂಗ್ ಜಾಲದಲ್ಲಿ ಒಂದು ಸಂದೇಶದ ಮಾಹಿತಿ ಭಾಗ 272 ಬೈಟ್ ಮೀರುವಂತಿಲ್ಲ. ಪ್ಯಾರಾಮೀಟರ್ ಸೇರಿಸುತ್ತಾ ಹೋದರೆ ಐಎಎಂ ಆ ಗೆರೆ ಮುಟ್ಟುತ್ತದೆ, ಆಗ ಉಳಿದದ್ದು ಸೆಗ್ಮೆಂಟೇಶನ್ ಸಂದೇಶದಲ್ಲಿ ಹೋಗಬೇಕು. ಐಎಎಂ ಉದ್ದವಿರುವ ಕರೆಗಳು ಮಾತ್ರ ಬೀಳುತ್ತಿದ್ದರೆ ಇದನ್ನೂ ಅನುಮಾನಿಸಿ.

ಸರಿಪಡಿಸುವಾಗ

ಕರೆ ಬೀಳುತ್ತಿರುವಾಗ ಮೊದಲ ಆಸೆ ಹಳೆ ಸಾಫ್ಟ್‌ವೇರ್‌ಗೆ ವಾಪಸ್ ಹೋಗುವುದು. ಅದು ಕೊನೆಯ ದಾರಿಯಾಗಿರಲಿ. ಎರಡನೆಯ ಆಸೆ ಆ ಪ್ಯಾರಾಮೀಟರನ್ನೇ ಕಿತ್ತು ಹಾಕುವುದು. ಅದು ಕೆಲಸ ಮಾಡುತ್ತದೆ, ನಾನೂ ಹತ್ತು ನಿಮಿಷದಲ್ಲಿ ಅದನ್ನೇ ಮಾಡಿ ದೂರು ನಿಲ್ಲಿಸಿದೆ. ಆದರೆ ಹಾಪ್ ಕೌಂಟರ್ ತೆಗೆದ ರೂಟ್‌ನಲ್ಲಿ ಯಾರಾದರೂ ರೂಟಿಂಗ್ ತಪ್ಪಿಸಿದರೆ ಒಂದೇ ಕರೆ ಸುತ್ತುತ್ತಾ ಸುತ್ತುತ್ತಾ ಸರ್ಕ್ಯೂಟ್‌ಗಳನ್ನೆಲ್ಲ ನುಂಗುತ್ತದೆ. ಹಾಗಾಗಿ ಅದು ಸಂಜೆವರೆಗಿನ ಮಾತ್ರೆ ಅಷ್ಟೇ. ಅವತ್ತು ರಾತ್ರಿ 80 ಇದ್ದಲ್ಲಿ ಸಿ0 ಹಾಕಿ, ಪ್ಯಾರಾಮೀಟರನ್ನು ವಾಪಸ್ ತಂದೆವು. ಗೇಟ್‌ವೇ ಕಡೆಯವರು ಒಂದು ಗೆರೆಯನ್ನೂ ಬದಲಿಸಬೇಕಾಗಲಿಲ್ಲ.

ಟೇಬಲ್ ತಿದ್ದುವಾಗ ಪ್ಯಾರಾಮೀಟರ್‌ನ ಕೆಲಸ ಏನು ಅಂತ ಕೇಳಿಕೊಂಡೇ ಬಿಟ್ ಹಾಕಿ. ಇಲ್ಲದಿದ್ದರೂ ಕರೆ ನಡೆಯುವಂಥದ್ದಕ್ಕೆ "ಬಿಟ್ಟುಬಿಡು" ಸರಿ. ಅದಿಲ್ಲದೆ ಕರೆಗೆ ಅರ್ಥವೇ ಇಲ್ಲ ಅನ್ನುವಂಥದ್ದಕ್ಕೆ "ಕಡಿ" ಅನ್ನುವುದೇ ಸರಿ. ಎಲ್ಲಕ್ಕೂ ಸಿ0 ಬಡಿದುಬಿಡುವುದೂ ಸೋಮಾರಿತನವೇ.

ಸಿಪ್‌ನಲ್ಲಿ ಇದೇ ಜಗಳ

ಸಿಪ್ ಸ್ವಲ್ಪ ಉದಾರಿ. ಗೊತ್ತಿಲ್ಲದ ಹೆಡರ್ (ಸಂದೇಶದ ತಲೆಯಲ್ಲಿನ ಒಂದು ಸಾಲು) ಬಂದರೆ ಕಣ್ಣು ಮುಚ್ಚಿ ಮುಂದೆ ಹೋಗು ಅನ್ನುವುದು ಮೂಲ ನಿಯಮ. ಅದಕ್ಕೆ ವಿನಾಯಿತಿ "ರಿಕ್ವೈರ್" ಹೆಡರ್. ಅದರಲ್ಲಿ ಬರೆದ ಸೌಲಭ್ಯ ಬಾರದಿದ್ದರೆ 420 ಕಳಿಸಿ ನಿರಾಕರಿಸಬೇಕು, "ಅನ್‌ಸಪೋರ್ಟೆಡ್" ಹೆಡರ್‌ನಲ್ಲಿ ಯಾವುದು ಬರುವುದಿಲ್ಲ ಅಂತ ಹೆಸರೂ ಹೇಳಬೇಕು. ಐಸಪ್‌ನ 99 ಮತ್ತು ಡಯಾಗ್ನಾಸ್ಟಿಕ್ ಇದ್ದ ಹಾಗೆಯೇ. "ಸಪೋರ್ಟೆಡ್" ಅಂತ ಬರೆದರೆ ಮಾತು ಮೆದು: ನನಗೆ ಬರುತ್ತದೆ, ನಿಮಗೂ ಬಂದರೆ ಬಳಸೋಣ.

ಅಪ್‌ಗ್ರೇಡ್ ನಂತರ 420 ಸುರಿಯುತ್ತಿದ್ದರೆ ಯಾರೋ ಸಪೋರ್ಟೆಡ್ ಇದ್ದದ್ದನ್ನು ರಿಕ್ವೈರ್ ಮಾಡಿದ್ದಾರೆ. ಹೆಚ್ಚಾಗಿ ಸಿಗುವುದು 100ರೆಲ್, ಅಂದರೆ ಮಧ್ಯಂತರ ಉತ್ತರಗಳಿಗೂ ಪ್ರ್ಯಾಕ್ ಎಂಬ ಸ್ವೀಕೃತಿ ಕೇಳುವ, 2002ರ ಆರ್‌ಎಫ್‌ಸಿ (ಇಂಟರ್ನೆಟ್ ನಿಯಮ ದಾಖಲೆ) 3262. ಟ್ರಂಕ್ ಪ್ರೊಫೈಲ್‌ನಲ್ಲಿ ಒಂದು ಟಿಕ್ ಗುರುತು, ಅಷ್ಟೇ.

420 ಬಾರದೆ, ರಿಂಗ್ ಆಗುತ್ತಿರುವಾಗಲೇ ಸುಮಾರು 32 ಸೆಕೆಂಡ್‌ಗೆ ಕರೆ ಬಿದ್ದರೆ ಪ್ರ್ಯಾಕ್ ಹುಡುಕಿ. ಆ ಕಡೆ 183 ಎಂಬ ಮಧ್ಯಂತರ ಉತ್ತರವನ್ನು ಮತ್ತೆ ಮತ್ತೆ ಕಳಿಸುತ್ತಿರುತ್ತದೆ, ಈ ಕಡೆಯಿಂದ ಪ್ರ್ಯಾಕ್ ಹೋಗುತ್ತಿರುವುದಿಲ್ಲ. ಮಧ್ಯದ ಎಸ್‌ಬಿಸಿ (ಎರಡು ಸಿಪ್ ನೆಟ್‌ವರ್ಕ್‌ಗಳ ಗಡಿ ಕಾಯುವ ಪೆಟ್ಟಿಗೆ) ಒಬ್ಬರ ಸಪೋರ್ಟೆಡ್ ಹೆಡರನ್ನು ಇನ್ನೊಬ್ಬರಿಗೆ ಹಾಗೇ ದಾಟಿಸಿ, ಪ್ರ್ಯಾಕ್ ಮಾತ್ರ ನುಂಗುವುದನ್ನು ನೋಡಿದ್ದೇನೆ. ಫೋನ್ ಎತ್ತಿದ ಮೇಲೆ 32 ಸೆಕೆಂಡ್‌ಗೆ ಬಿದ್ದರೆ ಅದು ಬೇರೆ ರೋಗ, ಫೋನ್ ಎತ್ತಿದ್ದು ತಿಳಿಯಿತು ಅನ್ನುವ ಎಸಿಕೆ ತಲುಪುತ್ತಿಲ್ಲ.

1999ರ ಆರ್‌ಎಫ್‌ಸಿ 2543 ಕಾಲದ ಪೆಟ್ಟಿಗೆಗಳು ಇನ್ನೂ ಅಲ್ಲಲ್ಲಿ ಉಸಿರಾಡುತ್ತಿವೆ. ಗುರುತು ಹಿಡಿಯುವುದು ಸುಲಭ: ಸಂದೇಶ ಬಂದ ದಾರಿ ಹೇಳುವ ವಯಾ ಹೆಡರ್‌ನ ಬ್ರ್ಯಾಂಚ್ (ಆ ವ್ಯವಹಾರದ ಗುರುತು) ನೋಡಿ. 2002ರ ಆರ್‌ಎಫ್‌ಸಿ 3261 ಪಾಲಿಸುವವರ ಬ್ರ್ಯಾಂಚ್ ಝಡ್9ರಿಂದ ಶುರುವಾಗುವ ಒಂದೇ ಏಳು ಅಕ್ಷರದ ಗುರುತಿನಿಂದ ಆರಂಭವಾಗುತ್ತದೆ. ಹೊಸಬರಿಗೆ ಅದು ಕಸದ ಹಾಗೆ ಕಾಣುತ್ತದೆ. ಹಳಬರು ಆಕಸ್ಮಿಕವಾಗಿಯೂ ಬಳಸಿರಲಾರರು ಅಂತಲೇ ಆ ವಿಚಿತ್ರ ಅಕ್ಷರಗಳನ್ನು ಆರಿಸಿದ್ದು. ಗುರುತು ಇಲ್ಲದಿದ್ದರೆ ಬ್ರ್ಯಾಂಚ್ ನಂಬದೆ ಹಳೆ ಕ್ರಮದಲ್ಲಿ ವ್ಯವಹಾರ ಹೊಂದಿಸಬೇಕು. ಕ್ಯಾನ್ಸಲ್ ಕಳಿಸಿದರೂ ಆ ಕಡೆ ರಿಂಗ್ ನಿಲ್ಲುತ್ತಿಲ್ಲ ಅನ್ನುವ ದೂರು ಬಂದರೆ ಮೊದಲು ಇಲ್ಲಿ ನೋಡಿ.

ಐಸಪ್ ಸಂದೇಶವನ್ನು ಸಿಪ್ ಒಳಗೆ ಇಟ್ಟು ಕಳಿಸುವ ಟ್ರಂಕ್‌ಗಳಲ್ಲಿ ಎರಡೂ ಲೋಕದ ತಲೆನೋವು ಒಟ್ಟಿಗೆ. ಅಲ್ಲಿ ಕಂಟೆಂಟ್ ಡಿಸ್ಪೊಸಿಷನ್ ಹೆಡರ್‌ನಲ್ಲಿ "ಹ್ಯಾಂಡ್ಲಿಂಗ್" ಅನ್ನುವ ಪದ ಹುಡುಕಿ. "ರಿಕ್ವೈರ್ಡ್" ಅಂತ ಇದ್ದು, ಆ ಕಡೆಯವರಿಗೆ ಐಸಪ್ ಭಾಗ ಓದಲು ಬಾರದಿದ್ದರೆ 415 ನಿರಾಕರಣೆ ಬರುತ್ತದೆ. "ಆಪ್ಷನಲ್" ಇದ್ದರೆ ಆ ಭಾಗ ಬಿಟ್ಟು ಕರೆ ನಡೆಯುತ್ತದೆ.

ಮೊಬೈಲ್ ಕಡೆ, ಚಿಕ್ಕದಾಗಿ

ಮೊಬೈಲ್ ನೆಟ್‌ವರ್ಕ್‌ಗಳು ಚಂದಾದಾರರ ಬಗ್ಗೆ ಮಾತಾಡಿಕೊಳ್ಳುವ ಮ್ಯಾಪ್‌ನಲ್ಲಿ ಆವೃತ್ತಿಯ ಮಾತುಕತೆ ಮೊದಲೇ ನಡೆಯುತ್ತದೆ. ಹೊಸಬ 3ನೇ ಆವೃತ್ತಿಯಲ್ಲಿ ಕೇಳುತ್ತಾನೆ, ಹಳಬ "ಈ ಅಪ್ಲಿಕೇಶನ್ ಕಾಂಟೆಕ್ಸ್ಟ್ ನನ್ನಲ್ಲಿಲ್ಲ" ಅಂತ ಅಬಾರ್ಟ್ ಕಳಿಸುತ್ತಾನೆ, ಹೊಸಬ 2ಕ್ಕೆ ಇಳಿದು ಮತ್ತೆ ಕೇಳುತ್ತಾನೆ. ರೋಮಿಂಗ್‌ನಲ್ಲಿ ನೋಂದಣಿ ತಡವಾಗಿ ವಿಫಲವಾಗುತ್ತಿದ್ದರೆ ಆ ಅಬಾರ್ಟ್ ವಾಪಸ್ ತಲುಪುತ್ತಿದೆಯೇ ನೋಡಿ. ಮಧ್ಯದ ಫೈರ್‌ವಾಲ್ ಅದನ್ನು ತಿಂದರೆ ಇಳಿದು ಕೇಳುವ ಅವಕಾಶವೇ ಬರುವುದಿಲ್ಲ.

4ಜಿಯಲ್ಲಿ ಅಂಥದ್ದೇ ಕೆಲಸ ಮಾಡುವ ಡಯಾಮೀಟರ್‌ನಲ್ಲಿ ಪ್ರತಿ ಎವಿಪಿಗೂ (ಮಾಹಿತಿಯ ತುಣುಕಿಗೂ) ಎಂ (ಕಡ್ಡಾಯ) ಬಿಟ್ ಇದೆ. ಅದು ಏರಿದ್ದು ಕೇಳುವವನಿಗೆ ಎವಿಪಿ ಗೊತ್ತಿಲ್ಲದಿದ್ದರೆ 5001 ಎಂಬ ತಪ್ಪಿನ ಕೋಡ್ ವಾಪಸ್ ಬರುತ್ತದೆ, ಯಾವುದು ಅಂತ ಫೇಲ್ಡ್ ಎವಿಪಿಯಲ್ಲಿ ಸಿಗುತ್ತದೆ. ಇಲ್ಲೊಂದು ತಮಾಷೆ ನೋಡಿ. ಡಯಾಮೀಟರ್ ಫ್ಲ್ಯಾಗ್ ಬೈಟ್‌ನಲ್ಲಿ ಸಿ0 ಅಂದರೆ ಕಂಪನಿ ಗುರುತು ಮತ್ತು ಎಂ ಬಿಟ್ ಎರಡೂ ಏರಿವೆ ಅಂತ, ಅಂದರೆ "ಅರ್ಥವಾಗದಿದ್ದರೆ ತಿರಸ್ಕರಿಸು". ಐಸಪ್‌ನಲ್ಲಿ ಅದೇ ಸಿ0 ಅಂದರೆ "ಅರ್ಥವಾಗದಿದ್ದರೂ ಪರವಾಗಿಲ್ಲ, ಮುಂದೆ ಕಳಿಸು". ಒಂದೇ ಪಾಳಿಯಲ್ಲಿ ಎರಡನ್ನೂ ನೋಡುವವರು ಒಂದು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿಕೊಳ್ಳಿ. ನಾನು ಹಾಗೇ ಮಾಡಿದ್ದೇನೆ.

ಟೆಸ್ಟ್ ಕರೆ ಯಾಕೆ ಪಾಸಾಯಿತು?

ಇದು ನನ್ನನ್ನು ಜಾಸ್ತಿ ಕಾಡಿತು. ರಾತ್ರಿ ಮಾಡಿದ ಟೆಸ್ಟ್ ಕರೆಗಳಲ್ಲಿ ಒಂದೂ ಬಿದ್ದಿರಲಿಲ್ಲ. ಬೆಳಿಗ್ಗೆ ಸಿಡಿಆರ್ (ಕರೆಗಳ ದಾಖಲೆ) ತೆಗೆದು ನೋಡಿದರೆ ಎಲ್ಲವೂ ಒಂದೇ ರೂಟ್‌ನಲ್ಲಿ, ಐಸಪ್ ರೂಟ್‌ನಲ್ಲಿ ಹೋಗಿದ್ದವು. ನಮ್ಮ ಟೆಸ್ಟ್ ಫೋನ್‌ಗೆ ಯಾವಾಗಲೋ ಒಂದು ಖಾಯಂ ರೂಟ್ ಕಟ್ಟಿ ಕೊಟ್ಟಿದ್ದರು. ಗೇಟ್‌ವೇ ಕಡೆ ಒಂದೇ ಒಂದು ಕರೆಯೂ ಹೋಗಿರಲಿಲ್ಲ.

ಈಗ ನಮ್ಮ ಪಟ್ಟಿ ಬೇರೆ. ಪ್ರತಿ ರೂಟ್‌ಗೂ ಹೆಸರು ಹಿಡಿದು ಕರೆ ಮಾಡುತ್ತೇವೆ: ಒಂದು ಸಾದಾ ಕರೆ, ಒಂದು ಫಾರ್ವರ್ಡ್ ಆದ ಕರೆ, ಒಂದು ನಂಬರ್ ಅಡಗಿಸಿದ ಕರೆ. ಫಾರ್ವರ್ಡ್ ಆದದ್ದು ಮುಖ್ಯ, ಅದರ ಐಎಎಂನಲ್ಲಿ ಪ್ಯಾರಾಮೀಟರ್ ಜಾಸ್ತಿ. ಅಪ್‌ಗ್ರೇಡ್‌ಗೆ ಮೊದಲಿನ ಐಎಎಂ, ನಂತರದ ಐಎಎಂ ಎರಡನ್ನೂ ಹೆಕ್ಸ್‌ನಲ್ಲೇ ಉಳಿಸಿ, 39ರ ನಂತರದ ಜೋಡಿಗಳನ್ನು ಪೆನ್ಸಿಲ್ ಹಿಡಿದು ಓದುತ್ತೇವೆ. ಕಳೆದ ಸಲ ಹಾಗೆ ಓದುವಾಗ ಇನ್ನೊಂದು 80 ಸಿಕ್ಕಿತು, ರಾತ್ರಿ ಒಂದೂಕಾಲಿಗೆ.